ಕೌಂಟರಿನ ಆಚೆ ಬದಿ: ನಾನು ಮತ್ತೆ ಮತ್ತೆ ನೋಡುವ ನಾಲ್ಕು ಸಿನೆಮಾ

ಸಿನೆಮಾದಲ್ಲಿ ಒಬ್ಬರು ಇನ್ನೊಬ್ಬರ ಹತ್ತಿರ ದುಡ್ಡು ಕೇಳುವ ದೃಶ್ಯ ಬಂದರೆ ನಾನು ನೆಟ್ಟಗೆ ಕೂರುತ್ತೇನೆ. 36 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು ನಾನು. 1988ರಲ್ಲಿ ಗುಮಾಸ್ತೆಯಾಗಿ ಸೇರಿದೆ, 2024ರ ಮೇ ತಿಂಗಳಲ್ಲಿ ನಿವೃತ್ತಿಯಾದೆ. ಅಷ್ಟು ವರ್ಷ ನನ್ನ ಮುಂದೆ ಬಂದು ನಿಂತವರೆಲ್ಲ ದುಡ್ಡಿನ ಮಾತನ್ನೇ ಆಡಿದವರು. ಹಾಗಾಗಿ ಬೇರೆಯವರು ಹಾಡು, ಫೈಟು, ಕ್ಯಾಮೆರಾ ಅಂತ ನೋಡಿದರೆ ನಾನು ಈ ಒಂದು ದೃಶ್ಯವನ್ನು ಕಾಯುತ್ತೇನೆ. ಅದು ಸರಿಯಾಗಿ ಬಂದರೆ ಆ ಸಿನೆಮಾ ಮೇಲೆ ನಂಬಿಕೆ ಹುಟ್ಟುತ್ತದೆ. ತಪ್ಪಿದರೆ, ಎಷ್ಟೇ ದೊಡ್ಡವರು ಮಾಡಿರಲಿ, ಮನಸ್ಸು ಅಲ್ಲಿಗೇ ಎದ್ದು ಹೊರಗೆ ಬರುತ್ತದೆ.

ಜಾಸ್ತಿ ಸಿನೆಮಾಗಳಲ್ಲಿ ತಪ್ಪುತ್ತದೆ. ಸೂಟ್‌ಕೇಸ್ ತೆರೆಯುತ್ತಾರೆ, ಒಳಗೆ ನೋಟಿನ ಕಟ್ಟು ಇರುತ್ತದೆ, ಮುಚ್ಚುತ್ತಾರೆ. ಯಾರೂ ಎಣಿಸುವುದಿಲ್ಲ. ನಾನು ನೋಡಿದ ಮಟ್ಟಿಗೆ ಎಣಿಸದೆ ದುಡ್ಡು ಜೇಬಿಗೆ ಹಾಕಿಕೊಂಡವರೇ ಇಲ್ಲ. ಹೆತ್ತ ಮಗ ತಂದುಕೊಟ್ಟರೂ ತಾಯಿ ಒಂದು ಸಲ ಬೆರಳು ಒದ್ದೆ ಮಾಡಿ ಎಣಿಸುತ್ತಾಳೆ. ಅದು ಅಪನಂಬಿಕೆ ಅಲ್ಲ, ದುಡ್ಡಿಗೆ ಕೊಡುವ ಮರ್ಯಾದೆ.

ಇನ್ನು ಕೇಳುವ ರೀತಿ. ಒಂದೊಂದು ಸೀಮೆಯಲ್ಲಿ ಒಂದೊಂದು ಥರ. ಮಂಡ್ಯದ ಕಡೆ ನಾನು ನಾಲ್ಕು ವರ್ಷ ಇದ್ದೆ. ಅಲ್ಲಿ ಯಾರೂ ಬಂದ ತಕ್ಷಣ ಸಾಲದ ಮಾತು ತೆಗೆಯುತ್ತಿರಲಿಲ್ಲ. ಮೊದಲು ನಾಲೆಗೆ ನೀರು ಬಿಟ್ಟರಾ ಇಲ್ಲವಾ ಅನ್ನುವುದು. ಆಮೇಲೆ ಕಬ್ಬಿನ ಬಿಲ್ಲು ಬಂತಾ ಅನ್ನುವುದು. ಎದ್ದು ಹೊರಟು, ಬಾಗಿಲ ಹತ್ತಿರ ಹೋಗಿ, ಹಿಂದಕ್ಕೆ ತಿರುಗಿ, "ಒಸಿ ದುಡ್ಡು ಬೇಕಿತ್ತು ಕನವ್ವ." ಕುಂದಾಪುರದ ಕಡೆ ನೇರ. ಕರವಸ್ತ್ರದ ಗಂಟು ಬಿಚ್ಚಿ, ಎರಡು ಬಳೆ ಕೌಂಟರಿನ ಮೇಲಿಟ್ಟ ಮೇಲೇ ಮಾತು ಶುರು. "ಬಂಗಾರ ಇಪ್ಪುದೇ ಇದಕ್ಕಲ್ದಾ?" ಕೊಪ್ಪಳದ ಕಡೆ ಹೆಂಗಸರು ಬಂದು ಸುಮ್ನೆ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಎಲ್ಲರೂ ಹೋಗುವ ತನಕ ಕಾಯುತ್ತಿದ್ದರು. ಕೊನೆಗೆ ಸೆರಗಿನ ತುದಿ ಹಿಡಿದು, "ರೊಕ್ಕದ ಅಡಚಣಿ ಐತ್ರಿ, ಅಕ್ಕಾರ." ಅಷ್ಟೇ. ಎಷ್ಟು, ಯಾಕೆ ಅನ್ನುವುದನ್ನು ನಾವೇ ಒಂದೊಂದಾಗಿ ಕೇಳಿ ತಿಳಿದುಕೊಳ್ಳಬೇಕು.

ಈ ಮೂರು ಸೀಮೆಗೂ ಒಂದೊಂದು ಸಿನೆಮಾ ಇದೆ. ಅವುಗಳ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಆದರೆ ಶುರು ಮಾಡಬೇಕಾಗಿರುವುದು ನಮ್ಮೂರ ಟೆಂಟಿನಿಂದ.

'ಬಂಗಾರದ ಮನುಷ್ಯ' 1972ರ ಸಿನೆಮಾ. ತಿಪಟೂರಿನ ಹತ್ತಿರದ ನಮ್ಮೂರಿನ ಟೆಂಟಿಗೆ ಬರುವ ಹೊತ್ತಿಗೆ 1975 ಆಗಿತ್ತು. ನನಗೆ 11 ವರ್ಷ. ಮೈಕಿನಲ್ಲಿ 'ನಮೋ ವೆಂಕಟೇಶ' ಕೇಳಿಸಿದರೆ ಟಿಕೆಟ್ ಕೊಡಲು ಶುರು ಮಾಡಿದರು ಅಂತ ಅರ್ಥ. ಮುದ್ದೆ ಅರ್ಧ ನುಂಗಿ ಓಡಿದ್ದೆವು. ನೆಲದ ಮೇಲೆ, ಅಮ್ಮನ ಪಕ್ಕ ಕೂತು ನೋಡಿದೆ. ಅವತ್ತು ಮನಸ್ಸಿನಲ್ಲಿ ಉಳಿದಿದ್ದು 'ಆಗದು ಎಂದು ಕೈಲಾಗದು ಎಂದು' ಹಾಡು, ಆಮೇಲೆ ಬರಡು ನೆಲ ಹಸಿರಾಗುವುದು. ಅದನ್ನು ನೋಡಿ ಪಟ್ಟಣ ಬಿಟ್ಟು ಊರಿಗೆ ಹೋಗಿ ಬೇಸಾಯಕ್ಕೆ ಇಳಿದವರಿದ್ದಾರೆ ಅಂತ ಇವತ್ತಿಗೂ ಹೇಳುತ್ತಾರೆ. ರಾಜ್‌ಕುಮಾರ್ ಅವರನ್ನು ಪಂಚೆಯಲ್ಲಿ ನೋಡಿದರೆ ಹಾಗೆ ಅನ್ನಿಸುವುದು ಸಹಜ.

ಆದರೆ ನಮ್ಮ ಮನೆಯಲ್ಲಿ ನಡೆದ ಚರ್ಚೆಯೇ ಬೇರೆ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಸಿನೆಮಾದ ರಾಜೀವ ಅಕ್ಕನ ಸಂಸಾರವನ್ನು ಮೇಲೆತ್ತುತ್ತಾನೆ. ತೀರಿಕೊಂಡ ಭಾವನ ಗುಟ್ಟೊಂದನ್ನು ಕಾಪಾಡಲು ಇನ್ನೊಂದು ಮನೆಗೂ ಗುಟ್ಟಾಗಿ ದುಡ್ಡು ಕೊಡುತ್ತಾನೆ. ತಾನೇ ಬೆಳೆಸಿದ ಅಕ್ಕನ ಮಗ ಆ ದುಡ್ಡಿನ ಮಾತು ಎತ್ತಿ ಅವಮಾನ ಮಾಡಿದಾಗ ನಿಜ ಹೇಳುವುದಿಲ್ಲ. ಎಲ್ಲ ಬಿಟ್ಟು ನಡೆದುಬಿಡುತ್ತಾನೆ. ಟೆಂಟಿನಲ್ಲಿ ಎಲ್ಲರೂ ಅಳುತ್ತಿದ್ದರು. ದಾರಿಯಲ್ಲಿ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಅವನು ಲೆಕ್ಕ ಬರೆದಿಡಬೇಕಿತ್ತು. ಪುಸ್ತಕ ಮುಂದಿಟ್ಟಿದ್ದರೆ ಮಾತೇ ಇರ್ತಿರಲಿಲ್ಲ" ಅಂದರು. ಅಮ್ಮ ಲಾಟೀನು ಹಿಡಿದು ಮುಂದೆ ನಡೆಯುತ್ತಿದ್ದವರು ತಿರುಗಿ ನೋಡದೆ ಹೇಳಿದರು: "ಬರೆದಿಟ್ಟಿದ್ದರೆ ಅಕ್ಕನ ಕಣ್ಣಿಗೆ ಬೀಳ್ತಿತ್ತು."

ಇಬ್ಬರ ಮಾತೂ ಸರಿ. ಆ ಕೊನೆ ಭಾಗ ನೋಡಿದಾಗಲೆಲ್ಲ ಒಂದು ಸಲ ಅಪ್ಪನ ಕಡೆ, ಇನ್ನೊಂದು ಸಲ ಅಮ್ಮನ ಕಡೆ ವಾಲುತ್ತೇನೆ. ಸಿನೆಮಾದಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಹೆಂಡತಿ ಲಕ್ಷ್ಮಿಯ ಸಾವು ತೀರಾ ಅವಸರದಲ್ಲಿ ಬರುತ್ತದೆ, ಕತೆಗೆ ಬೇಕಿತ್ತು ಅಂತ ತಂದ ಹಾಗೆ. ಭಾರತಿಯವರು ಅಷ್ಟು ಜೀವ ತುಂಬಿದ್ದ ಪಾತ್ರ ಅದು. ಇನ್ನೂ ಸ್ವಲ್ಪ ಹೊತ್ತು ಇರಬೇಕಿತ್ತು.

ಈಗ 'ತಿಥಿ'. 2016ರ ಮೇ ತಿಂಗಳಲ್ಲಿ ನಮ್ಮಲ್ಲಿ ಬಿಡುಗಡೆಯಾಯಿತು. ಅದರ ಹಿಂದಿನ ವರ್ಷವೇ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಪಡೆದಿತ್ತು. ರಾಮ್ ರೆಡ್ಡಿ ನಿರ್ದೇಶಕರು. ಅವರ ಜೊತೆ ಕತೆ ಬರೆದ ಈರೇಗೌಡರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಬೆಳೆದವರು. ಚಿತ್ರೀಕರಣವೂ ಅದೇ ಊರಿನಲ್ಲಿ ಆಯಿತು. ನಟಿಸಿದವರು ಆ ಭಾಗದ ಜನರೇ, ಮೊದಲು ಕ್ಯಾಮೆರಾ ಮುಂದೆ ನಿಂತವರಲ್ಲ.

ಕತೆ ಸರಳ. 101 ವರ್ಷದ ಸೆಂಚುರಿ ಗೌಡ ರಸ್ತೆ ಬದಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ. ಎದ್ದು ಪಕ್ಕಕ್ಕೆ ಹೋಗುತ್ತಾನೆ, ಅಲ್ಲೇ ಬಿದ್ದು ಪ್ರಾಣ ಬಿಡುತ್ತಾನೆ. 11ನೇ ದಿನ ತಿಥಿ. ಆ 11 ದಿನವೇ ಸಿನೆಮಾ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ. ಕೈಯಲ್ಲಿ ಟೈಗರ್ ಬ್ರಾಂದಿ, ಬಾಯಲ್ಲಿ ಬೀಡಿ, ಹೊಲದ ಬದುವಿನ ಮೇಲೆ ನಡೆಯುತ್ತಾ ಇರುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಅಜ್ಜನ ಜಮೀನು ಮಾರಬೇಕು. ಮರಿಮಗ ಅಭಿಗೆ ಕುರಿಗಾಹಿ ಹುಡುಗಿಯ ಹಿಂದೆ ಓಡಾಡುವುದೇ ಕೆಲಸ.

ಥಿಯೇಟರಿನಲ್ಲಿ ಎಲ್ಲರೂ ನಗುತ್ತಿದ್ದರು. ನಾನೂ ನಕ್ಕೆ. ಮಂಡ್ಯದ ಮಾತನ್ನು ನಮ್ಮ ಸಿನೆಮಾಗಳಲ್ಲಿ ಬಹಳ ಸಲ ನಗಿಸಲಿಕ್ಕೆ ಅಂತಲೇ ಇಟ್ಟಿರುತ್ತಾರೆ. ಇಲ್ಲಿ ಹಾಗಲ್ಲ. ಇಲ್ಲಿ ಆ ಮಾತು ಬೈಯಲಿಕ್ಕೂ ಇದೆ, ಬೇಡಲಿಕ್ಕೂ ಇದೆ, ಸುಳ್ಳು ಹೇಳಲಿಕ್ಕೂ ಇದೆ, ಅಳಲಿಕ್ಕೂ ಇದೆ. ಎಲ್ಲ ಕೆಲಸಕ್ಕೂ ಒದಗುವ ಮಾತಾಗಿಯೇ ಕೇಳಿಸುತ್ತದೆ. ಒಂದು ಸೀಮೆಯ ಕನ್ನಡಕ್ಕೆ ಅದಕ್ಕಿಂತ ದೊಡ್ಡ ಗೌರವ ಬೇಡ.

ನಗು ನಿಂತಿದ್ದು ತಮ್ಮಣ್ಣನ ಓಡಾಟ ಶುರುವಾದಾಗ. ಜಮೀನು ಸತ್ತ ಅಜ್ಜನ ಹೆಸರಿನಲ್ಲಿದೆ. ಪೌತಿ ಖಾತೆ ಆಗಬೇಕು. ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಗಬೇಕು. ಮೊದಲ ವಾರಸುದಾರ ಮಗ ಗಡ್ಡಪ್ಪ. ಅವನು ರುಜು ಹಾಕಲ್ಲ, ಬೇಡ ಅಂತಲೂ ಜಗಳ ಮಾಡಲ್ಲ. ಸುಮ್ನೆ ನಡೆಯುತ್ತಾನೆ. ಕೊನೆಗೆ ತಮ್ಮಣ್ಣ ಬದುಕಿರುವ ಅಪ್ಪನ ಹೆಸರಿಗೆ ಮರಣ ಪತ್ರ ಮಾಡಿಸಲು ಹೊರಡುತ್ತಾನೆ. ಅಪ್ಪನನ್ನು ದುಡ್ಡು ಕೊಟ್ಟು ಊರೂರು ಸುತ್ತಿಕೊಂಡು ಬಾ ಅಂತ ಬಸ್ಸು ಹತ್ತಿಸುತ್ತಾನೆ. ಒಂದು ಕಡೆ ಇದು. ಇನ್ನೊಂದು ಕಡೆ ಊರಿಗೆಲ್ಲ ಊಟ ಹಾಕಬೇಕು. ಇದರ ನಡುವೆ ಕಮಲಕ್ಕನ ಹತ್ತಿರ ಬಡ್ಡಿ ಸಾಲ.

ಆ ಕಮಲಕ್ಕನನ್ನು ನೋಡಿ. ಅವಳು ಕೂರುವ ರೀತಿ, ಸಾಲ ಕೇಳಲು ಬಂದವನನ್ನು ನೋಡುವ ರೀತಿ. ನಾನು ಮಂಡ್ಯದ ಕಡೆ ಇದ್ದಾಗ ಬ್ಯಾಂಕಿಗೆ ನಿಜವಾದ ಪೈಪೋಟಿ ಕೊಟ್ಟವರು ಇಂಥ ಹೆಂಗಸರೇ. ನಮ್ಮಲ್ಲಿ ಹತ್ತು ಕಾಗದ ಬೇಕು, ಅವರಿಗೆ ಮುಖ ನೋಡಿದರೆ ಸಾಕು.

1996ರ ಮಾತು. ಒಬ್ಬರು ಬಂದರು. ತಲೆ ಬೋಳಿಸಿ ಒಂದು ದಿನವೂ ಆಗಿರಲಿಲ್ಲ. ಕಿವಿಯ ಹಿಂದೆ ಕತ್ತಿ ತಾಗಿದ ಸಣ್ಣ ಗಾಯ ಇನ್ನೂ ಕೆಂಪಗಿತ್ತು. ಗೊಬ್ಬರದ ಚೀಲದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಕಾಗದ ತೆಗೆದರು. ಅಪ್ಪನ ಮರಣ ಪತ್ರ, ಪಹಣಿ. ಆ ಜಮೀನಿನ ಮೇಲೆ ಸಾಲ ಆಗುತ್ತಾ ಅಂತ ಕೇಳಿದರು. ಅವತ್ತು ನೀರಿನ ಮಾತಿಲ್ಲ, ಕಬ್ಬಿನ ಮಾತಿಲ್ಲ. ನೇರವಾಗಿ ಕೇಳಿದರು. ಅದೇ ನನಗೆ ಕೆಟ್ಟದ್ದಾಗಿ ಕಂಡಿತು. ಅಪ್ಪನ ಚಿತೆಯ ಬೂದಿ ಆರಿಲ್ಲ, ಆಗಲೇ ಜಮೀನಿನ ಚಿಂತೆ ಇವರಿಗೆ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಖಾತೆ ಆಗಲಿ, ಅಣ್ಣ ತಮ್ಮಂದಿರೆಲ್ಲ ಬಂದು ರುಜು ಹಾಕಲಿ, ಆಮೇಲೆ ನೋಡೋಣ ಅಂತ ಬಿಗಿಯಾಗಿ ಹೇಳಿ ಕಳಿಸಿದೆ. ನಿಯಮದ ಪ್ರಕಾರ ನಾನು ಹೇಳಿದ್ದು ಸರಿಯೇ. ಇನ್ನೂ ಎರಡು ಸಲ ಬಂದರು. ಅದೇ ಉತ್ತರ ಕೊಟ್ಟೆ. ಆಮೇಲೆ ಬರಲಿಲ್ಲ.

20 ವರ್ಷ ಆದ ಮೇಲೆ, ಬೆಂಗಳೂರಿನ ತಣ್ಣನೆಯ ಥಿಯೇಟರಿನಲ್ಲಿ, ತಮ್ಮಣ್ಣ ತಿಥಿಯ ಖರ್ಚಿಗೆ ಅಲೆಯುವುದನ್ನು ನೋಡುತ್ತಾ ಆ ಗಾಯ ನೆನಪಾಯಿತು. ಅವರು ಯಾಕೆ ನೇರವಾಗಿ ಕೇಳಿದರು ಅಂತ ಅವತ್ತು ಗೊತ್ತಾಯಿತು. ತಿಥಿಯ ಊಟ ಹಾಕಿ ಮುಗಿದಿತ್ತು. ಅಕ್ಕಿ ಅಂಗಡಿಯವರು, ಶಾಮಿಯಾನದವರು, ಬಡ್ಡಿಗೆ ಕೊಟ್ಟವರು ಮನೆ ಮುಂದೆ ನಿಂತಿದ್ದಿರಬೇಕು. ನೀರಿನ ಮಾತಾಡಲು ಅವರಿಗೆ ಪುರಸೊತ್ತೇ ಇರಲಿಲ್ಲ.

ತಮ್ಮಣ್ಣ ಮಾಡುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿನೆಮಾ ಅವನನ್ನು ಖಳನಾಯಕ ಮಾಡುವುದಿಲ್ಲ. ಅವನ ಹಿಂದೆ ಹಿಂದೆಯೇ ಹೋಗಿ, ಎಲ್ಲಿ ಎಲ್ಲಿ ಅವನಿಗೆ ಬಾಗಿಲು ಮುಚ್ಚಿತು ಅಂತ ತೋರಿಸುತ್ತದೆ. ಅಂಥ ಬಾಗಿಲಲ್ಲಿ ಒಂದು ನನ್ನದೂ ಆಗಿತ್ತು.

ಗಡ್ಡಪ್ಪ ಬೆಂಕಿಯ ಮುಂದೆ ಕುರಿಗಾಹಿಗಳಿಗೆ ತನ್ನ ಬದುಕಿನ ಕತೆ ಹೇಳುವ ಭಾಗವನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳಬಾರದು. ಅದೇನು ಅಂತ ನಾನು ಹೇಳುವುದಿಲ್ಲ. ದನಿ ಏರುವುದಿಲ್ಲ, ಇಳಿಯುವುದಿಲ್ಲ. ಪಕ್ಕದೂರಿನ ಯಾರದೋ ಸುದ್ದಿ ಹೇಳುವ ಹಾಗೆ ಹೇಳುತ್ತಾರೆ. ಆ ಪಾತ್ರ ಮಾಡಿದ ಚನ್ನೇಗೌಡರಿಗೆ ನಟನೆ ಯಾರೂ ಕಲಿಸಿದ್ದಲ್ಲ. ಆದರೂ ಅಷ್ಟು ಹೊತ್ತಿನ ತನಕ ತಮಾಷೆಯಾಗಿ ಕಂಡ ಮನುಷ್ಯ ಅಲ್ಲಿಂದ ಮುಂದೆ ಬೇರೆಯೇ ಆಗಿ ಕಾಣುತ್ತಾನೆ. ಆಸ್ತಿ ಯಾಕೆ ಬೇಡ ಅಂದ ಅನ್ನುವುದಕ್ಕೆ ಉತ್ತರ ಅಲ್ಲಿದೆ.

ಕೊರತೆ ಅಂದರೆ ಅಭಿ ಮತ್ತು ಕಾವೇರಿಯ ಭಾಗ. ಸ್ವಲ್ಪ ಉದ್ದವಾಯಿತು. ಅದಕ್ಕಿಂತ ಜಾಸ್ತಿ, ಆ ಹುಡುಗಿಯನ್ನು ನಾವು ಬರೀ ಅಭಿಯ ಕಣ್ಣಿನಿಂದಲೇ ನೋಡುತ್ತೇವೆ. ಅವಳಿಗೆ ಏನು ಬೇಕಿತ್ತು ಅನ್ನುವುದು ಕೊನೆಗೂ ಗೊತ್ತಾಗುವುದಿಲ್ಲ. ಅಷ್ಟು ಜನರ ಮನಸ್ಸು ಬಿಚ್ಚಿ ತೋರಿಸಿದ ಸಿನೆಮಾ ಇವಳೊಬ್ಬಳನ್ನು ದೂರದಲ್ಲೇ ನಿಲ್ಲಿಸಿದ್ದು ನನಗೆ ಬೇಜಾರು.

ಕುಂದಾಪುರದ ಸಿನೆಮಾ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್'. 2008ರದ್ದು. ವೈದೇಹಿಯವರ ಕತೆಯಿಂದ ಹುಟ್ಟಿದ್ದು. ಉಮಾಶ್ರೀ ಅವರಿಗೆ ಇದರಲ್ಲಿ ರಾಷ್ಟ್ರಪ್ರಶಸ್ತಿ ಬಂತು. ಕತೆ ನಡೆಯುವುದು 1990ರ ದಶಕದ ಕೊನೆಯಲ್ಲಿ, ಕಾರ್ಗಿಲ್ ಯುದ್ಧದ ಹೊತ್ತಿನಲ್ಲಿ. ನಾನು ಆ ಕಡೆ ಇದ್ದಿದ್ದೂ ಅದೇ ವರ್ಷಗಳಲ್ಲಿ, 1998ರಿಂದ 2002.

ಗುಲಾಬಿ ಸೂಲಗಿತ್ತಿ. ಸಿನೆಮಾ ಅಂದರೆ ಪ್ರಾಣ. ಗಂಡ ಮೂಸಾ ಅವಳನ್ನು ಬಿಟ್ಟು ಎರಡನೇ ಹೆಂಡತಿ, ಮಗುವಿನ ಜೊತೆ ಇದ್ದಾನೆ. ಮೀನುಗಾರರ ಸಣ್ಣ ಕುದುರುವಿನಲ್ಲಿ, ಅಂದರೆ ನೀರಿನ ನಡುವಿನ ದ್ವೀಪದಲ್ಲಿ, ಇವಳು ಒಬ್ಬಳೇ. ಒಂದು ಮನೆಯ ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಕಲರ್ ಟಿವಿ, ಡಿಶ್ ಸಿಗುತ್ತದೆ. ಗಂಡಸರು ಮೀನಿಗೆ ಹೋದ ಹೊತ್ತಿನಲ್ಲಿ ಹೆಂಗಸರೆಲ್ಲ ಅವಳ ಗುಡಿಸಲಿಗೆ ಬರುತ್ತಾರೆ. ಕೆಲವರು ಬರುವುದಿಲ್ಲ, ಅವಳು ಮುಸ್ಲಿಂ ಅಂತ. ಇನ್ನು ಕೆಲವರು ಒಳಗೂ ಬರುವುದಿಲ್ಲ, ಮನೆಗೂ ಹೋಗುವುದಿಲ್ಲ. ಹೊರಗೆ ನಿಂತು ನೋಡುತ್ತಾರೆ.

ಹೊರಗೆ ನಿಂತವರನ್ನು ತೋರಿಸುವ ದೃಶ್ಯಕ್ಕೇ ನಾನು ಈ ಸಿನೆಮಾವನ್ನು ಮತ್ತೆ ಮತ್ತೆ ನೋಡುವುದು. ನಮ್ಮ ಶಾಖೆಯಲ್ಲಿ ಮೀನು ಮಾರುವ ಹೆಂಗಸರು ಪಿಗ್ಮಿ ಕಟ್ಟುತ್ತಿದ್ದರು. ದಿನಕ್ಕೆ ಐದು, ಹತ್ತು ರೂಪಾಯಿ. ಎಲ್ಲ ಜಾತಿಯವರು, ಎಲ್ಲ ಧರ್ಮದವರು ಒಂದೇ ಬೆಂಚಿನ ಮೇಲೆ ಕೂತು ಪಾಸ್‌ಬುಕ್ಕಿಗೆ ಕಾಯುತ್ತಿದ್ದರು. 1999ರ ಮಳೆಗಾಲದಲ್ಲಿ ಆ ಬೆಂಚಿನಲ್ಲಿ ನಡುವೆ ಜಾಗ ಖಾಲಿ ಉಳಿಯಲು ಶುರುವಾಯಿತು. ಯಾರೂ ಏನೂ ಹೇಳಲಿಲ್ಲ. ಜಗಳವೂ ಆಗಲಿಲ್ಲ. ಬರೀ ಒಂದು ಮೊಳದಷ್ಟು ಜಾಗ. ಈ ಸಿನೆಮಾ ಆ ಒಂದು ಮೊಳವನ್ನು ಅಳೆದು ತೋರಿಸುತ್ತದೆ. ದೊಡ್ಡ ಬೋಟುಗಳ ಮೇಲಿನ ಸಿಟ್ಟು, ಟಿವಿಯಲ್ಲಿ ಬರುವ ಯುದ್ಧದ ಸುದ್ದಿ, ನೇತ್ರು ಅನ್ನುವ ಹುಡುಗಿ ಕಾಣೆಯಾಗುವುದು, ಎಲ್ಲವೂ ಬಂದು ಗುಲಾಬಿಯ ಬಾಗಿಲಿಗೇ ಬೀಳುತ್ತದೆ.

ಉಮಾಶ್ರೀ ಅವರನ್ನು ಬೇರೆ ಸಿನೆಮಾಗಳಲ್ಲಿ ಜೋರು ಬಾಯಿಯ ಪಾತ್ರದಲ್ಲಿ ನೋಡಿದವರು ಇಲ್ಲಿ ಅವರ ಮುಖವನ್ನಷ್ಟೇ ನೋಡಿ. ಪರದೆ ನೋಡುವಾಗ ಬಾಯಿ ಸ್ವಲ್ಪ ತೆರೆದಿರುತ್ತದೆ, ಚಿಕ್ಕ ಮಕ್ಕಳ ಹಾಗೆ. ಸಿನೆಮಾ ಹುಚ್ಚಿರುವ ಯಾರಿಗಾದರೂ ಅದು ತನ್ನದೇ ಮುಖ ಅನ್ನಿಸುತ್ತದೆ. ನನಗಂತೂ ಟೆಂಟಿನ ನೆಲದ ಮೇಲೆ ಕೂತಿದ್ದ ಅಮ್ಮನ ಮುಖ ಕಂಡಿತು. ಕೊನೆಯಲ್ಲಿ ಇಬ್ಬರು ಮುದುಕಿಯರು ಆ ಗುಡಿಸಲಿನ ಒಳಗೆ ಹೋಗಿ ಟಿವಿ ಮುಂದೆ ಕೂರುತ್ತಾರೆ. ಅಲ್ಲಿ ಗುಲಾಬಿ ಇಲ್ಲ. ಅದನ್ನು ನೋಡಿ ಮುಗಿಸಿದ ದಿನ ಊಟ ಸೇರಲಿಲ್ಲ. ನಡುವೆ ರಾಜಕೀಯದ ಮಾತು ಬರುವ ಕಡೆ ಒಂದೆರಡು ಪಾತ್ರಗಳು ಭಾಷಣದ ಹಾಗೆ ಮಾತಾಡುತ್ತವೆ ಅನ್ನಿಸಿತು. ಅದು ಬಿಟ್ಟರೆ ಕುಂದು ಹುಡುಕಲು ನನಗೆ ಮನಸ್ಸಿಲ್ಲ.

ಇನ್ನು 'ಶಿವಮ್ಮ ಯರೇಹಂಚಿನಾಳ'. ನಿವೃತ್ತಿಯಾದ ಮರು ತಿಂಗಳು, 2024ರ ಜೂನ್‌ನಲ್ಲಿ, ನಾನು ನೋಡಿದ ಮೊದಲ ಸಿನೆಮಾ. ಜೈಶಂಕರ್ ಆರ್ಯರ್ ನಿರ್ದೇಶನ, ರಿಷಬ್ ಶೆಟ್ಟಿ ನಿರ್ಮಾಣ. 2022ರಲ್ಲೇ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆದು, ನಮ್ಮ ಥಿಯೇಟರಿಗೆ ಬರಲು ಎರಡು ವರ್ಷ ಹಿಡಿಯಿತು. ನಾನು ಹೋದ ಮಲ್ಟಿಪ್ಲೆಕ್ಸಿನಲ್ಲಿ ಇದಕ್ಕೆ ಇದ್ದಿದ್ದು ದಿನಕ್ಕೆ ಒಂದೇ ಆಟ, ಅದೂ ಕೆಲಸಕ್ಕೆ ಹೋಗುವವರು ಯಾರೂ ಬರಲಾಗದ ಹೊತ್ತಿನಲ್ಲಿ. ಒಳಗೆ ನಾವು ಒಂಬತ್ತು ಜನ. ತಂಗಿಯನ್ನು ಕರೆದುಕೊಂಡು ಮುಂದಿನ ವಾರ ಹೋದರೆ ತೆಗೆದುಬಿಟ್ಟಿದ್ದರು. ಕನ್ನಡದಲ್ಲಿ ಇಂಥ ಸಿನೆಮಾ ಬರುವುದಿಲ್ಲ ಅಂತ ಗೊಣಗುವ ಮೊದಲು, ಬಂದಾಗ ಮೊದಲ ಮೂರು ದಿನದಲ್ಲೇ ಹೋಗಿ ನೋಡಬೇಕು. ಇದು ನನ್ನ ಕಳಕಳಿಯ ಮಾತು.

ಯರೇಹಂಚಿನಾಳ ಕೊಪ್ಪಳ ಜಿಲ್ಲೆಯ ಊರು. ಶಿವಮ್ಮ ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಗಂಡನಿಗೆ ಲಕ್ವ ಹೊಡೆದಿದೆ. ಮಗಳ ಮದುವೆ ಮುಂದಿದೆ. ಅವಳು ಚೈನ್ ಸ್ಕೀಮಿನ, ಅಂದರೆ ಒಬ್ಬರ ಕೆಳಗೆ ಇನ್ನಷ್ಟು ಜನರನ್ನು ಸೇರಿಸುತ್ತಾ ಹೋಗುವ ಸ್ಕೀಮಿನ, ಆರೋಗ್ಯದ ಪುಡಿ ಮಾರಲು ಹೊರಡುತ್ತಾಳೆ. ಇಟ್ಟಿದ್ದ ದುಡ್ಡನ್ನೂ ಅದಕ್ಕೇ ಹಾಕುತ್ತಾಳೆ. ಮಕ್ಕಳು ಬೇಡ ಅನ್ನುತ್ತಾರೆ, ಊರು ಆಡಿಕೊಳ್ಳುತ್ತದೆ. ಇವಳು ಬಿಡುವುದಿಲ್ಲ.

ಈ ಕತೆಯನ್ನು ಎರಡು ರೀತಿ ಹಾಳು ಮಾಡಬಹುದಿತ್ತು. ಪಾಪದ ಹೆಂಗಸು, ಮೋಸ ಹೋದಳು ಅಂತ ಅಳಿಸಬಹುದಿತ್ತು. ಇಲ್ಲವೇ, ಹಠದಿಂದ ಗೆದ್ದಳು ಅಂತ ಚಪ್ಪಾಳೆ ಹೊಡೆಸಬಹುದಿತ್ತು. ಸಿನೆಮಾ ಎರಡನ್ನೂ ಮಾಡುವುದಿಲ್ಲ. ಶರಣಮ್ಮ ಚೆಟ್ಟಿ ಅವರು ಮಾಡಿದ ಶಿವಮ್ಮ ನೋಡಿದವರಿಗೆ ಕೋಪ ಬರಿಸುತ್ತಾಳೆ. ಅವಳು ಆ ಪುಡಿಯನ್ನು ನಿಜವಾಗಿ ನಂಬಿದ್ದಾಳೆ. ಗಂಡ ಎದ್ದು ಓಡಾಡುತ್ತಾನೆ ಅಂತ ನಂಬಿದ್ದಾಳೆ. ಮಾರುವಾಗ ಅವಳ ದನಿಯಲ್ಲಿ ಎರಡು ಕನ್ನಡ ಕೇಳಿಸುತ್ತದೆ. ಒಂದು ಅವಳದ್ದು, ಊರಿನದ್ದು. ಇನ್ನೊಂದು ಸ್ಕೀಮಿನವರು ಬಾಯಿಪಾಠ ಮಾಡಿಸಿದ್ದು. ಎರಡನೆಯದನ್ನು ಆಡುವಾಗ ಅವಳ ಬೆನ್ನು ನೆಟ್ಟಗಾಗುತ್ತದೆ. ಜೀವನದಲ್ಲಿ ಮೊದಲ ಸಲ ತನ್ನ ಮಾತಿಗೆ ಬೆಲೆ ಇದೆ ಅಂತ ಅನ್ನಿಸಿದವರ ಬೆನ್ನು ಅದು.

ಕ್ಯಾಮೆರಾ ಅವಳ ಹಿಂದೆಯೇ ಓಡಾಡುತ್ತದೆ. ಕೆಲವು ಕಡೆ ಅದೇ ಅದೇ ಓಡಾಟ ಆಯಿತು ಅನ್ನಿಸಬಹುದು. ನನಗೂ ಅನ್ನಿಸಿತು. ಹತ್ತು ನಿಮಿಷ ಕಡಿಮೆ ಇದ್ದರೂ ನಡೆಯುತ್ತಿತ್ತು. ಆದರೆ ಸುಡು ಬಿಸಿಲಿನಲ್ಲಿ ಮನೆ ಮನೆಗೆ ಹೋಗಿ ಡಬ್ಬಿ ಮಾರುವುದು ಅಂದರೆ ಅದೇ ಅಲ್ವಾ? ಸಿನೆಮಾ ನೋಡಿದ ನಮಗೆ ಸುಸ್ತಾಗುವುದಾದರೆ ನಡೆದವಳಿಗೆ ಎಷ್ಟಾಗಿರಬೇಕು? ಕೊಪ್ಪಳದ ಕಡೆಯ ಮಾತು ಗೊತ್ತಿಲ್ಲದವರಿಗೆ ಮೊದಲ ಹದಿನೈದು ನಿಮಿಷ ಸ್ವಲ್ಪ ಕಷ್ಟ. ಫೋನು ಪಕ್ಕಕ್ಕಿಟ್ಟು ಕಿವಿ ಕೊಟ್ಟರೆ ಆಮೇಲೆ ತಾನಾಗಿಯೇ ಹಿಡಿತ ಸಿಗುತ್ತದೆ. ಮನೆಯಲ್ಲಿ ಚೈನ್ ಸ್ಕೀಮಿಗೆ ಸೇರಿದವರು ಯಾರಾದರೂ ಇದ್ದರೆ ಅವರ ಜೊತೆ ಕೂತು ನೋಡಿ. ಬುದ್ಧಿ ಹೇಳಲಿಕ್ಕಲ್ಲ. ಅವರು ಯಾಕೆ ಸೇರಿದರು ಅಂತ ನಿಮಗೆ ಗೊತ್ತಾಗಲಿಕ್ಕೆ.

ನಾನು ಆ ಜಿಲ್ಲೆಯಲ್ಲಿ 2011ರಿಂದ ಮೂರು ವರ್ಷ ಇದ್ದೆ. ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ಒಬ್ಬರು ಮಗಳ ಹೆಸರಿನಲ್ಲಿ ತಿಂಗಳು ತಿಂಗಳು ಆರ್‌ಡಿ ಕಟ್ಟುತ್ತಿದ್ದರು. ಒಂದು ದಿನ ಬಂದು ಗೋಡೆಗೆ ಒರಗಿ ನಿಂತರು. ಎಲ್ಲರೂ ಹೋದ ಮೇಲೆ ಪಾಸ್‌ಬುಕ್ಕು ಮುಂದಿಟ್ಟು, ಇದನ್ನು ಮುಚ್ಚಿ ಕೊಡಿ ಅಂದರು. ಅವಧಿ ಮುಗಿಯಲು ಇನ್ನೂ 14 ತಿಂಗಳಿತ್ತು. ಯಾಕೆ ಅಂತ ಕೇಳಿದೆ. ಒಂದು ಪುಡಿಯ ಸ್ಕೀಮು ಅಂದರು. ಕೂರಿಸಿಕೊಂಡು ಅರ್ಧ ಗಂಟೆ ಹೇಳಿದೆ. ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದೆ. ಒಬ್ಬರ ಕೆಳಗೆ ಮೂವರು, ಮೂವರ ಕೆಳಗೆ ಒಂಬತ್ತು, ಹೀಗೆ ಹೋದರೆ ಹತ್ತನೇ ಸುತ್ತಿಗೇ 59,049 ಜನ ಬೇಕು. ಅಷ್ಟು ಜನ ನಿಮ್ಮ ಹೋಬಳಿಯಲ್ಲಿ ಎಲ್ಲಿದ್ದಾರೆ ಅಂತ ಕೇಳಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. ತಲೆ ಆಡಿಸಿದರು. ಆಮೇಲೆ, "ಹೌದ್ರಿ ಅಕ್ಕಾರ. ಆದ್ರ ಅಲ್ಲಿ ನನ್ನ ಹೆಸರು ಹಿಡಿದು ಮೈಕಿನ್ಯಾಗ ಕರೀತಾರ್ರಿ" ಅಂದರು.

ನಾನು ಖಾತೆ ಮುಚ್ಚಿ ದುಡ್ಡು ಕೊಟ್ಟೆ. ಅವರು ಎರಡು ಸಲ ಎಣಿಸಿದರು.

ಆ ಮಾತು ನನಗೆ ಅವತ್ತು ಅರ್ಥವಾಗಲಿಲ್ಲ. ಲೆಕ್ಕ ಬಾರದ ಹೆಂಗಸು ಅಂದುಕೊಂಡೆ. ಥಿಯೇಟರಿನಲ್ಲಿ ಶಿವಮ್ಮನ ಬೆನ್ನು ನೆಟ್ಟಗಾಗುವುದನ್ನು ನೋಡುವ ತನಕವೂ ಹಾಗೇ ಅಂದುಕೊಂಡಿದ್ದೆ.

2014ರಲ್ಲಿ ನನಗೆ ಬೆಂಗಳೂರಿಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಅವರು ಮನೆಗೆ ಬಂದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಕೈಚೀಲದಿಂದ ಬಿಳಿ ಡಬ್ಬಿ ತೆಗೆದು ಕೈಗಿಟ್ಟರು. "ನಿಮಗ ಮೊಣಕಾಲ್ ನೋವು ಐತಲ್ರಿ. ದಿನಾ ಒಂದು ಚಮಚ, ಬಿಸಿ ನೀರಾಗ." ದುಡ್ಡು ತಗೊಳ್ಳಿ ಅಂದರೆ ಎರಡೂ ಕೈ ಹಿಂದಕ್ಕೆ ಎಳೆದುಕೊಂಡರು. ಡಬ್ಬಿಯ ಮೇಲೆ 1,450 ರೂಪಾಯಿ ಅಂತ ಮುದ್ರಿಸಿತ್ತು. ಆರ್‌ಡಿಗೆ ಅವರು ತಿಂಗಳಿಗೆ ಕಟ್ಟುತ್ತಿದ್ದಿದ್ದು 300.

ಸಾಮಾನು ಕಟ್ಟುವಾಗ ನಾನು ಆ ಡಬ್ಬಿಯನ್ನು ಲಾರಿಗೆ ಹಾಕಲಿಲ್ಲ. ಖಾಲಿ ಮನೆಯ ಅಡುಗೆಕಟ್ಟೆಯ ಮೇಲೆ, ಹಳೇ ಪೇಪರಿನ ಪಕ್ಕ, ಮುಚ್ಚಳ ತೆರೆಯದೆ ಬಿಟ್ಟುಬಂದೆ.